ಪಾತ್ರ ಬಿಡಿಸಿದವನದ್ದೋ, ಅಚ್ಚು ಹಾಕಿದವನದ್ದೋ? ಕಾಮಿಕ್ಸ್‌ನ ಮೊದಲ ದಿನಗಳ ಬಗ್ಗೆ ಚರ್ಚೆ

ಹಳೇಪೇಪರ್:
ಈಚೆಗೆ ಅಮೆರಿಕದ ಹಳೆಯ ಪತ್ರಿಕೆಗಳ ಕಾಮಿಕ್ಸ್ ಪುಟಗಳನ್ನು ನೋಡುತ್ತಾ ಕೂತಿದ್ದೇನೆ. 1895ರಿಂದ 1940ರವರೆಗಿನವು. ನೋಡುತ್ತಾ ಹೋದಂತೆ ಒಂದೇ ಜಗಳ ಮತ್ತೆ ಮತ್ತೆ ಎದುರಾಗುತ್ತದೆ. ಪಾತ್ರವನ್ನು ಹುಟ್ಟಿಸಿದವನು ಒಬ್ಬ, ಅದರ ಒಡೆಯ ಇನ್ನೊಬ್ಬ. ಆ ಜಗಳವನ್ನೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಶುರು ನ್ಯೂಯಾರ್ಕಿನಿಂದ. 1883ರಲ್ಲಿ ಜೋಸೆಫ್ ಪುಲಿಟ್ಜರ್ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆ ಕೊಂಡ. ಮುಂದೆ ಅದರ ಭಾನುವಾರದ ಸಂಚಿಕೆಗೆ ಬಣ್ಣದ ಪುರವಣಿ ಬಂತು. 1895ರಲ್ಲಿ ರಿಚರ್ಡ್ ಔಟ್‌ಕಾಲ್ಟ್ ಅದರಲ್ಲಿ 'ಹೋಗನ್ಸ್ ಆಲಿ' ಬಿಡಿಸತೊಡಗಿದ. ಬಡವರ ಗಲ್ಲಿ, ಕಿಕ್ಕಿರಿದ ಮಕ್ಕಳು, ನಾಯಿ, ಬೆಕ್ಕು, ಹಗ್ಗದ ಮೇಲೆ ಒಣಹಾಕಿದ ಬಟ್ಟೆ. ನಡುವೆ ಬೋಳುತಲೆಯ ಒಬ್ಬ ಹುಡುಗ, ಪಾದದವರೆಗೆ ಇಳಿದ ಅಂಗಿ. ಹೆಸರು ಮಿಕಿ ಡ್ಯೂಗನ್. ಅಂಗಿಗೆ ಹಳದಿ ಬಣ್ಣ ಬಂದ ಮೇಲೆ ಊರಿಗೆಲ್ಲ ಅವನು 'ಯೆಲ್ಲೋ ಕಿಡ್'. ಅವನ ಮಾತು ಅವನ ಅಂಗಿಯ ಮೇಲೇ ಬರೆದಿರುತ್ತಿತ್ತು.

ಅದೇ 1895ರಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ 'ನ್ಯೂಯಾರ್ಕ್ ಜರ್ನಲ್' ಕೊಂಡ. ಬೆಲೆ ಒಂದೇ ಸೆಂಟ್. ಪುಲಿಟ್ಜರ್‌ನ ಭಾನುವಾರದ ಸಿಬ್ಬಂದಿಯನ್ನೇ ಜಾಸ್ತಿ ಸಂಬಳ ಕೊಟ್ಟು ಎಳೆದುಕೊಂಡ. 1896ರ ಅಕ್ಟೋಬರಿನಲ್ಲಿ ಎಂಟು ಪುಟದ ಬಣ್ಣದ ಪುರವಣಿ ಶುರು ಮಾಡಿದ. ಇದರ ಮುಂದೆ ಕಾಮನಬಿಲ್ಲು ಸೀಸದ ಕೊಳವೆಯಂತೆ ಕಾಣುತ್ತದೆ ಅಂತ ಜಾಹೀರಾತು ಕೊಟ್ಟ. ಆ ಪುರವಣಿಗೆ ಔಟ್‌ಕಾಲ್ಟ್ ಕೂಡ ಹೋದ. ಪುಲಿಟ್ಜರ್ ಬಿಡಲಿಲ್ಲ. ಜಾರ್ಜ್ ಲಕ್ಸ್ ಅನ್ನುವ ಇನ್ನೊಬ್ಬ ಚಿತ್ರಕಾರನಿಂದ ಅದೇ ಹುಡುಗನನ್ನು ಬಿಡಿಸಿ ಹಾಕಿದ. ಒಂದೇ ಊರು, ಎರಡು ಪತ್ರಿಕೆ, ಇಬ್ಬರು ಯೆಲ್ಲೋ ಕಿಡ್! ಪೀತ ಪತ್ರಿಕೋದ್ಯಮ ಅನ್ನುವ ಮಾತು ಹುಟ್ಟಿದ್ದು ಈ ಪೈಪೋಟಿಯ ಕಾಲದಲ್ಲಿ. ಔಟ್‌ಕಾಲ್ಟ್ ಕೃತಿಸ್ವಾಮ್ಯಕ್ಕೆ ಅರ್ಜಿ ಹಾಕಿದ್ದ. ಆದರೂ ಹುಡುಗನ ಚಿತ್ರವನ್ನು ಬೇರೆಯವರು ಬಿಡಿಸದಂತೆ ತಡೆಯಲು ಆಗಲಿಲ್ಲ. 1898ರ ಹೊತ್ತಿಗೆ ಅವನೇ ಆ ಪಾತ್ರವನ್ನು ಬಿಟ್ಟುಬಿಟ್ಟ.

ಮುಂದಿನ ಐವತ್ತು ವರ್ಷ ನಡೆದಿದ್ದೆಲ್ಲ ಈ ಒಂದು ಜಗಳದಲ್ಲೇ ಅಡಗಿದೆ ಅಂತ ನನಗೆ ಅನ್ನಿಸುತ್ತದೆ. ನಿಮಗೆ ಏನನ್ನಿಸುತ್ತದೆ?

ಮಲ್ಲಿಗೆ ಮಾಸ್ತರು:
ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ 1895ರಿಂದ ಶುರು ಮಾಡಿದರೆ ನಮ್ಮ ಜಾತಿಯ ಒಬ್ಬ ಮನುಷ್ಯನಿಗೆ ಅನ್ಯಾಯ ಆಗುತ್ತದೆ. ಮೇಷ್ಟ್ರ ಜಾತಿ ಅಂದೆ. ಜಿನೀವಾ ಊರಿನ ರೊಡೊಲ್ಫ್ ಟೋಪ್ಫರ್. ಶಾಲೆ ನಡೆಸುತ್ತಿದ್ದ. 1827ರ ಹೊತ್ತಿಗೇ ಚೌಕಗಳಲ್ಲಿ ಚಿತ್ರ ಬಿಡಿಸಿ, ಕೆಳಗೆ ಕೈಬರಹದಲ್ಲಿ ಕಥೆ ಬರೆದು ಹತ್ತಿರದವರಿಗೆ ತೋರಿಸುತ್ತಿದ್ದ. ಆ ಹಾಳೆಗಳು ಜರ್ಮನಿಯ ಮಹಾಕವಿ, ಆಗ ಮುದುಕನಾಗಿದ್ದ ಗಯಟೆಯ ಕೈಗೂ ಹೋದವು, ಅವನು ತುಂಬ ಮೆಚ್ಚಿಕೊಂಡ. ಆಮೇಲೆ 1833ರಲ್ಲಿ ಮೊದಲ ಪುಸ್ತಕ 'ಮಿಸ್ಯೂ ಜಬೋ' ಹೊರಬಂತು.

ಇನ್ನು ಹಕ್ಕಿನ ವಿಷಯ. ಅವನ 'ಮಿಸ್ಯೂ ವ್ಯೂ ಬ್ವಾ' ಪುಸ್ತಕವನ್ನು ಇಂಗ್ಲಿಷಿಗೆ ತಂದು, 'ಒಬಡಾಯ ಓಲ್ಡ್‌ಬಕ್' ಅಂತ ಹೆಸರಿಟ್ಟು, 1842ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಯ ಪುರವಣಿಯಾಗಿ ಹಂಚಿದರು. ಅಮೆರಿಕದಲ್ಲಿ ಅಚ್ಚಾದ ಮೊದಲ ಕಾಮಿಕ್ ಪುಸ್ತಕ ಅಂತ ಅದನ್ನೇ ಅನೇಕರು ಹೇಳುತ್ತಾರೆ. ಅಂದರೆ ಅಲ್ಲಿನ ಮೊದಲ ಕಾಮಿಕ್ ಪುಸ್ತಕವೇ ನಕಲು. ನಿಮ್ಮ ಜಗಳ ಇನ್ನೂ ಐವತ್ತು ವರ್ಷ ಹಿಂದಕ್ಕೆ ಹೋಯಿತು ನೋಡಿ.

ಮೊಳೆಅಚ್ಚು:
ನಾನು ಅಚ್ಚುಮನೆಯಲ್ಲಿ ದುಡಿದವನು. ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬಣ್ಣದ ಕಾಮಿಕ್ಸ್ ಪುಟ ಕುಂಚದಿಂದ ಬಂದಷ್ಟೇ ಯಂತ್ರದಿಂದಲೂ ಬಂತು. ಸುತ್ತುವ ಬಣ್ಣದ ಪ್ರೆಸ್ ಇಡೋದು ಸಣ್ಣ ಮಾತಲ್ಲ. ಹಳದಿ, ಕೆಂಪು, ನೀಲಿ, ಕಪ್ಪು ಒಂದೊಂದಕ್ಕೂ ಬೇರೆ ಪ್ಲೇಟು. ನಾಲ್ಕೂ ಒಂದರ ಮೇಲೊಂದು ಕೂದಲೆಳೆ ಆಚೀಚೆ ಆಗದ ಹಾಗೆ ಕೂರಬೇಕು. ಸ್ವಲ್ಪ ಸರಿದರೂ ಹುಡುಗನ ಅಂಗಿಯ ಬಣ್ಣ ನಾಯಿಯ ಮೈಮೇಲೆ. ತಿಳಿ ಬಣ್ಣ ಬೇಕಾದ ಕಡೆ ಚುಕ್ಕಿಗಳ ಜಾಲ ಹಾಕಬೇಕು. ಅದನ್ನು ಬೆನ್ ಡೇ ಚುಕ್ಕಿ ಅನ್ನುತ್ತಿದ್ದರು. ಇದೆಲ್ಲ ಚಿತ್ರಕಾರ ಮಾಡುತ್ತಿರಲಿಲ್ಲ. ಅವನು ಕಪ್ಪು ಗೆರೆ ಹಾಕಿ, ಎಲ್ಲಿ ಯಾವ ಬಣ್ಣ ಅಂತ ಗುರುತು ಮಾಡಿ ಕೊಡುತ್ತಿದ್ದ. ಮುಂದಿನ ಕೆಲಸ ಹೆಸರಿಲ್ಲದ ಕೆಲಸಗಾರರದ್ದು.

ಪುಲಿಟ್ಜರ್, ಹರ್ಸ್ಟ್ ದುಡ್ಡು ಸುರಿಯದೇ ಇದ್ದಿದ್ದರೆ ಯೆಲ್ಲೋ ಕಿಡ್ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪತ್ರಿಕೆಯವರಿಗೆ ಏನೂ ಹಕ್ಕಿಲ್ಲ ಅನ್ನೋದನ್ನು ನಾನು ಒಪ್ಪಲಾರೆ.

ಹಳೇಪೇಪರ್:
ಮೊಳೆಅಚ್ಚು ಸರ್, ಆ ಕೆಲಸಗಾರರ ಮಾತು ತಂದಿದ್ದಕ್ಕೆ ಸಂತೋಷ. ಹಕ್ಕೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಒಂದು ಪಾತ್ರವನ್ನು ಅದರ ತಂದೆಯಿಂದಲೇ ಕಿತ್ತುಕೊಳ್ಳುವ ಹಕ್ಕು ಬಂಡವಾಳದಿಂದ ಬರುತ್ತದೆಯೇ? ರುಡಾಲ್ಫ್ ಡರ್ಕ್ಸ್ ಕಥೆ ನೋಡಿ.

ಡರ್ಕ್ಸ್ ಜರ್ಮನಿಯಲ್ಲಿ ಹುಟ್ಟಿದವನು. 1897ರ ಡಿಸೆಂಬರಿನಲ್ಲಿ ಹರ್ಸ್ಟ್‌ನ ಜರ್ನಲ್‌ನಲ್ಲಿ 'ಕ್ಯಾಟ್ಜೆನ್‌ಜಾಮರ್ ಕಿಡ್ಸ್' ಶುರು ಮಾಡಿದ. ಹಾನ್ಸ್, ಫ್ರಿಟ್ಜ್ ಅನ್ನುವ ಇಬ್ಬರು ತುಂಟರು. ವಿಲ್‌ಹೆಲ್ಮ್ ಬುಶ್ 1865ರಲ್ಲಿ ತಂದ 'ಮ್ಯಾಕ್ಸ್ ಮತ್ತು ಮೋರಿಟ್ಜ್' ಇದಕ್ಕೆ ಮಾದರಿ. ಚೌಕದಿಂದ ಚೌಕಕ್ಕೆ ಓಡುವ ಕಥೆ, ಪ್ರತಿ ವಾರ ಅದೇ ಪಾತ್ರಗಳು, ಮುಂದೆ ಮಾತಿನ ಗುಳ್ಳೆಗಳೂ ಬಂದವು. ಇವತ್ತು ನಾವು ಕಾಮಿಕ್ ಸ್ಟ್ರಿಪ್ ಅನ್ನುವ ರೂಪ ಗಟ್ಟಿಯಾಗಿದ್ದು ಇಲ್ಲಿ.

ಹದಿನೈದು ವರ್ಷ ಬಿಡಿಸಿದ ಮೇಲೆ ಡರ್ಕ್ಸ್‌ಗೆ ಯುರೋಪಿಗೆ ಹೋಗಿ ಬರುವ ಆಸೆ. ಹರ್ಸ್ಟ್ ಕಡೆಯವರು ಒಪ್ಪಲಿಲ್ಲ. ಅವನು ಬಿಟ್ಟು ನಡೆದ. ವಿಷಯ ಕೋರ್ಟಿಗೆ ಹೋಯಿತು. ತೀರ್ಪು ಹೀಗೆ: ಹೆಸರು ಹರ್ಸ್ಟ್‌ಗೆ, ಪಾತ್ರಗಳನ್ನು ಬೇರೆ ಹೆಸರಿನಲ್ಲಿ ಬಿಡಿಸುವ ಹಕ್ಕು ಡರ್ಕ್ಸ್‌ಗೆ. 1914ರಲ್ಲಿ ಅವನು ಪುಲಿಟ್ಜರ್‌ನ ವರ್ಲ್ಡ್‌ನಲ್ಲಿ ಅದೇ ಮಕ್ಕಳನ್ನು ಮತ್ತೆ ಬಿಡಿಸಿದ. ಅತ್ತ ಹರ್ಸ್ಟ್‌ನಲ್ಲಿ ಹೆರಾಲ್ಡ್ ನರ್ ಅನ್ನುವವನು ಹಳೆಯ ಹೆಸರಿನಲ್ಲೇ ಮುಂದುವರಿಸಿದ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರುಗಳ ಮೇಲೆ ಅಮೆರಿಕನ್ನರಿಗೆ ಸಿಟ್ಟು ಬಂತು. ಆಗ ಡರ್ಕ್ಸ್ ತನ್ನ ಸ್ಟ್ರಿಪ್‌ಗೆ 'ದಿ ಕ್ಯಾಪ್ಟನ್ ಅಂಡ್ ದಿ ಕಿಡ್ಸ್' ಅಂತ ಹೆಸರು ಬದಲಿಸಿದ. ಅವಳಿ ಸ್ಟ್ರಿಪ್‌ಗಳು ಹತ್ತಾರು ವರ್ಷ ಒಟ್ಟೊಟ್ಟಿಗೆ ಓಡಿದವು.

ಕಾನೂನು ಕಣ್ಣು:
ಆ ತೀರ್ಪಿನ ತಿರುಳು ಇಲ್ಲಿದೆ. ಶೀರ್ಷಿಕೆ ಅನ್ನೋದು ವ್ಯಾಪಾರದ ಗುರುತು. ಓದುಗ ಅದನ್ನು ನೋಡಿ ಪತ್ರಿಕೆ ಕೊಳ್ಳುತ್ತಾನೆ. ಹಾಗಾಗಿ ಅದು ಪತ್ರಿಕೆಗೆ. ಔಟ್‌ಕಾಲ್ಟ್‌ನ ಎರಡನೇ ಪಾತ್ರದಲ್ಲೂ ಹೀಗೇ ಆಯಿತು. 1902ರಲ್ಲಿ 'ನ್ಯೂಯಾರ್ಕ್ ಹೆರಾಲ್ಡ್'ಗೆ 'ಬಸ್ಟರ್ ಬ್ರೌನ್' ಮಾಡಿದ. ಸಿರಿವಂತರ ಮನೆಯ ತುಂಟ, ಜೊತೆಗೆ ಟೈಗ್ ಅನ್ನುವ ನಾಯಿ. ಮತ್ತೆ ಹರ್ಸ್ಟ್ ಕಡೆ ಹಾರಿದ, ಮತ್ತೆ ಕೋರ್ಟು. ಬಸ್ಟರ್ ಬ್ರೌನ್ ಅನ್ನುವ ಶೀರ್ಷಿಕೆ ಹೆರಾಲ್ಡ್‌ಗೇ ಉಳಿಯಿತು, ಹುಡುಗನನ್ನು ಬಿಡಿಸುವ ಅವಕಾಶ ಇವನಿಗೆ. ಸ್ಟ್ರಿಪ್‌ಗೆ ಶೀರ್ಷಿಕೆಯೇ ಇಲ್ಲದೆ ನಡೆಸಿದ!

ಆದರೆ ಈ ಸಲ ಅವನು ಪಾಠ ಕಲಿತಿದ್ದ. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಬಸ್ಟರ್ ಬ್ರೌನ್ ಹೆಸರನ್ನು ಬಳಸುವ ಪರವಾನಗಿಯನ್ನು ಕಂಪನಿಗಳಿಗೆ ಮಾರಿದ. ಬೂಟಿನ ಕಂಪನಿಯೊಂದು ಆ ಹುಡುಗನನ್ನು ದಶಕಗಳ ಕಾಲ ತನ್ನ ಗುರುತಾಗಿ ಇಟ್ಟುಕೊಂಡಿತು. ಚಿತ್ರಕಾರನಿಗೆ ನಿಜವಾದ ದುಡ್ಡು ಬಂದಿದ್ದು ಪತ್ರಿಕೆಯಿಂದಾಚೆ.

1909ರ ಅಮೆರಿಕದ ಕಾಯಿದೆ ಇನ್ನೂ ಬಿಗಿ ಮಾಡಿತು. ಸಂಬಳಕ್ಕೆ ಮಾಡಿದ ಕೆಲಸಕ್ಕೆ ಮಾಲೀಕನೇ ಕರ್ತೃ ಅಂತ ಬರೆದುಬಿಟ್ಟರು.

ಮೊಳೆಅಚ್ಚು:
ಎಲ್ಲರೂ ಸೋತರು ಅಂತ ಹೇಳಬೇಡಿ. ಬಡ್ ಫಿಶರ್ ಗೆದ್ದ ಅಲ್ವಾ? 1907ರ ನವೆಂಬರಿನಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್'ನ ಕ್ರೀಡಾ ಪುಟದಲ್ಲಿ 'ಎ. ಮಟ್' ಶುರು ಮಾಡಿದ. ಕುದುರೆ ಜೂಜಿನ ಹುಚ್ಚಿನ ಮನುಷ್ಯನ ಕಥೆ. ಅವತ್ತು ನಿಜವಾಗಿ ಓಡುವ ಕುದುರೆಯ ಹೆಸರೇ ಸ್ಟ್ರಿಪ್‌ನಲ್ಲಿ ಇರುತ್ತಿತ್ತು. ಮಟ್ ಗೆದ್ದನೋ ಸೋತನೋ ಅಂತ ನೋಡಲು ಜನ ಮರುದಿನವೂ ಪತ್ರಿಕೆ ಕೊಳ್ಳಬೇಕು. ವಾರದ ಪುಟವಾಗಿದ್ದ ಕಾಮಿಕ್ಸ್ ದಿನವೂ ಬರುವ ಒಂದು ಸಾಲಿನ ಸ್ಟ್ರಿಪ್ ಆಗಿ ನೆಲೆ ನಿಂತಿದ್ದು ಇದರಿಂದ. ಮುಂದಿನ ವರ್ಷ ಜೆಫ್ ಬಂದ, 'ಮಟ್ ಅಂಡ್ ಜೆಫ್' ಆಯಿತು.

ಫಿಶರ್ ಜಾಣ. ಹರ್ಸ್ಟ್‌ನ ಎಕ್ಸಾಮಿನರ್‌ಗೆ ಹೋಗುವ ಮೊದಲು ಕ್ರಾನಿಕಲ್‌ನ ಕೊನೆಯ ಸ್ಟ್ರಿಪ್‌ಗಳ ಮೂಲೆಯಲ್ಲಿ ತನ್ನ ಹೆಸರಿನಲ್ಲಿ ಕೃತಿಸ್ವಾಮ್ಯ ಅಂತ ಬರೆದು ಅಚ್ಚಿಗೆ ಕಳಿಸಿದ. ಅದು ಹಾಗೇ ಅಚ್ಚಾಯಿತು. ಹರ್ಸ್ಟ್ ಜೊತೆಗೂ ಕೋರ್ಟಿನಲ್ಲಿ ಹೋರಾಡಿ ಪಾತ್ರವನ್ನು ಉಳಿಸಿಕೊಂಡ. ಆ ಕಾಲದ ಸಿರಿವಂತ ಚಿತ್ರಕಾರರಲ್ಲಿ ಒಬ್ಬನಾದ.

ಬೆಕ್ಕಿನ ಗೆಳೆಯ:
ದುಡ್ಡು, ಕೋರ್ಟು ಸಾಕು ಸ್ವಾಮಿ, ಸ್ವಲ್ಪ ಚಿತ್ರಗಳ ಕಡೆಯೂ ನೋಡೋಣ. ವಿನ್ಸರ್ ಮೆಕೇ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ!

1905ರ ಅಕ್ಟೋಬರ್ 15ರಂದು ಹೆರಾಲ್ಡ್‌ನಲ್ಲಿ 'ಲಿಟಲ್ ನೀಮೋ ಇನ್ ಸ್ಲಂಬರ್‌ಲ್ಯಾಂಡ್' ಶುರುವಾಯಿತು. ಪ್ರತಿ ವಾರ ನೀಮೋ ಕನಸು ಕಾಣುತ್ತಾನೆ, ಕೊನೆಯ ಚೌಕದಲ್ಲಿ ಎಚ್ಚರವಾಗುತ್ತದೆ, ಹೆಚ್ಚು ಸಲ ಹಾಸಿಗೆಯಿಂದ ಬಿದ್ದಿರುತ್ತಾನೆ. ಕಥೆ ಅಷ್ಟೇ. ಆದರೆ ಪುಟ! ಇಡೀ ದೊಡ್ಡ ಪತ್ರಿಕೆಯ ಪುಟ ಒಂದೇ ಕಥೆಗೆ. 1908ರ ಜುಲೈ 26ರ ಪುಟ ನೋಡಿ. ಮಂಚದ ಕಾಲುಗಳು ಉದ್ದವಾಗುತ್ತಾ ಹೋಗುತ್ತವೆ, ಮಂಚ ಊರಿನ ಬೀದಿಗಳಲ್ಲಿ ನಡೆಯುತ್ತದೆ, ಮನೆಗಳನ್ನು ದಾಟುತ್ತದೆ. ಕಾಲು ಬೆಳೆದಂತೆ ಚೌಕವೂ ಎತ್ತರಕ್ಕೆ ಬೆಳೆಯುತ್ತದೆ. ಚೌಕ ಅನ್ನೋದು ಬರೀ ಚಿತ್ರದ ಕಟ್ಟಲ್ಲ, ಅದೂ ಕಥೆ ಹೇಳಬಹುದು ಅಂತ ತೋರಿಸಿದ್ದು ಮೆಕೇ. 1905ರ ಪ್ರೆಸ್ಸಿನಲ್ಲಿ ಆ ತಿಳಿ ನೀಲಿ, ತಿಳಿ ಗುಲಾಬಿ ಹೇಗೆ ತೆಗೆದರೋ! ಮೊಳೆಅಚ್ಚು ಸರ್ ಹೇಳಿದ ಆ ಹೆಸರಿಲ್ಲದ ಕೆಲಸಗಾರರಿಗೆ ಕೈ ಮುಗಿಯಬೇಕು.

ಇನ್ನು ನನ್ನ ಪ್ರಾಣ ಅಂದರೆ ಜಾರ್ಜ್ ಹೆರಿಮನ್‌ನ 'ಕ್ರೇಜಿ ಕ್ಯಾಟ್'. ಬೆಕ್ಕಿಗೆ ಇಲಿಯ ಮೇಲೆ ಪ್ರೀತಿ. ಇಲಿ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆಯುತ್ತದೆ. ಬೆಕ್ಕು ಅದನ್ನೇ ಪ್ರೀತಿ ಅಂದುಕೊಳ್ಳುತ್ತದೆ. ಬೆಕ್ಕನ್ನು ಪ್ರೀತಿಸುವ ಪೊಲೀಸ್ ನಾಯಿ ಇಲಿಯನ್ನು ಜೈಲಿಗೆ ಹಾಕುತ್ತದೆ. 1913ರಿಂದ 1944ರವರೆಗೆ ಇಷ್ಟನ್ನೇ ಇಟ್ಟುಕೊಂಡು ಬಿಡಿಸಿದ, ಹಳಸಲಿಲ್ಲ. ಹಿನ್ನೆಲೆಯಲ್ಲಿ ಅರಿಜೋನಾದ ಮರುಭೂಮಿ. ಬೆಕ್ಕು, ಇಲಿ ನಿಂತಲ್ಲೇ ನಿಂತು ಮಾತಾಡುತ್ತಿದ್ದರೂ ಹಿಂದಿನ ಬಂಡೆ ಮರವಾಗುತ್ತದೆ, ಹಗಲು ರಾತ್ರಿಯಾಗುತ್ತದೆ.

ಈ ಸ್ಟ್ರಿಪ್ ಬಹಳ ಪತ್ರಿಕೆಗಳಲ್ಲಿ ಬರುತ್ತಿರಲಿಲ್ಲ. ಸಂಪಾದಕರಿಗೆ ಇಷ್ಟವಿರಲಿಲ್ಲ. ಆದರೂ ಹರ್ಸ್ಟ್‌ಗೆ ಅದು ಇಷ್ಟ, ಅದಕ್ಕೇ ಉಳಿಯಿತು. ಹೆರಿಮನ್ ತೀರಿಕೊಂಡ ಮೇಲೆ ಬೇರೆ ಯಾರ ಕೈಗೂ ಅದನ್ನು ಕೊಡಲಿಲ್ಲ. ಹಳೇಪೇಪರ್ ಅವರೇ, ನಿಮ್ಮ ಕಥೆಯ ಖಳನಾಯಕ ಹರ್ಸ್ಟ್ ಅಲ್ವಾ? ಇದಕ್ಕೇನು ಹೇಳುತ್ತೀರಿ?

ಹಳೇಪೇಪರ್:
ಬೆಕ್ಕಿನ ಗೆಳೆಯರೇ, ಒಳ್ಳೆಯ ಪ್ರಶ್ನೆ. ಹರ್ಸ್ಟ್‌ಗೆ ಕಾಮಿಕ್ಸ್ ಮೇಲೆ ನಿಜವಾದ ಪ್ರೀತಿ ಇತ್ತು. ಆದರೆ ಮಾಲೀಕನ ಪ್ರೀತಿಯ ಮೇಲೆ ನಿಂತ ಕಲೆ ಅವನ ಮನಸ್ಸು ಬದಲಾದ ದಿನ ಬೀಳುತ್ತದೆ. ನೀವೇ ಹೊಗಳಿದ ಮೆಕೇ 1911ರಲ್ಲಿ ಹರ್ಸ್ಟ್ ಬಳಿ ಹೋದ. ನೀಮೋ ಹೆಸರು ಹೆರಾಲ್ಡ್‌ಗೇ ಉಳಿಯಿತು, ಇವನು ಬೇರೆ ಶೀರ್ಷಿಕೆಯಲ್ಲಿ ಬಿಡಿಸಬೇಕಾಯಿತು. 1914ರಲ್ಲಿ 'ಗರ್ಟಿ' ಅನ್ನುವ ಡೈನೋಸಾರಿನ ಚಲಿಸುವ ಚಿತ್ರ ಮಾಡಿ ರಂಗದ ಮೇಲೆ ಅದರೊಡನೆ ಮಾತಾಡುತ್ತಾ ಜನರನ್ನು ಬೆರಗುಗೊಳಿಸಿದ. ಹರ್ಸ್ಟ್‌ಗೆ ಅದು ಹಿಡಿಸಲಿಲ್ಲ. ಸಂಪಾದಕೀಯಕ್ಕೆ ವ್ಯಂಗ್ಯಚಿತ್ರ ಬಿಡಿಸುತ್ತಾ ಕೂರು ಅಂದ. ನೀಮೋ ಬಿಡಿಸಿದ ಕೈ ಇನ್ನೊಬ್ಬರ ಲೇಖನಕ್ಕೆ ಚಿತ್ರ ಹಾಕುತ್ತಾ ವರ್ಷಗಟ್ಟಲೆ ಕಳೆಯಿತು. ಇದನ್ನು ಓದಿದಾಗ ನನಗೆ ತುಂಬ ಸಂಕಟವಾಯಿತು.

ಕರಾವಳಿ ಓದುಗಿ:
ಇಷ್ಟು ಹೊತ್ತು ಓದುತ್ತಾ ಇದ್ದೆ, ಒಬ್ಬ ಹೆಂಗಸಿನ ಹೆಸರೂ ಬರಲಿಲ್ಲ.

ಲಂಡನ್ನಿನ 'ಜೂಡಿ' ಪತ್ರಿಕೆಯಲ್ಲಿ 1867ರಲ್ಲಿ 'ಆಲಿ ಸ್ಲೋಪರ್' ಶುರುವಾಯಿತು. ಸಾಲಗಾರರ ಕಣ್ಣು ತಪ್ಪಿಸಿ ಓಡಾಡುವ, ಮೂಗು ಊದಿದ ಬಡಾಯಿಕೋರ. ಚಾರ್ಲ್ಸ್ ರಾಸ್ ಹುಟ್ಟಿಸಿದ. ಆದರೆ ಬಹಳಷ್ಟು ಬಿಡಿಸಿದ್ದು ಅವನ ಹೆಂಡತಿ, ಮೇರಿ ಡ್ಯೂವಾಲ್ ಅನ್ನುವ ಹೆಸರಿನಲ್ಲಿ. ರಂಗನಟಿಯೂ ಆಗಿದ್ದರು. ಅವರ ಗೆರೆಗಳಲ್ಲಿ ಆ ನಾಟಕದ ಚುರುಕು ಇದೆ. 1884ರಲ್ಲಿ ಆ ಪಾತ್ರದ ಹೆಸರಿನಲ್ಲೇ ಒಂದು ವಾರಪತ್ರಿಕೆ ಬಂತು. ಡ್ಯೂವಾಲ್ ಅವರ ಹೆಸರು ಮಾತ್ರ ನೂರು ವರ್ಷಕ್ಕೂ ಜಾಸ್ತಿ ಕಾಲ ಮೂಲೆಗೆ ಸೇರಿತ್ತು.

ಅಮೆರಿಕದಲ್ಲಿ ರೋಸ್ ಓನೀಲ್ 1896ರಲ್ಲೇ 'ಟ್ರೂತ್' ಪತ್ರಿಕೆಯಲ್ಲಿ ಸ್ಟ್ರಿಪ್ ಬಿಡಿಸಿದ್ದರು. ಯೆಲ್ಲೋ ಕಿಡ್‌ನ ಹಾವಳಿ ಜೋರಾಗಿದ್ದ ವರ್ಷವೇ! 1937ರಲ್ಲಿ ಜಾಕಿ ಓರ್ಮ್ಸ್ 'ಪಿಟ್ಸ್‌ಬರ್ಗ್ ಕೊರಿಯರ್' ಅನ್ನುವ ಕಪ್ಪು ಜನರ ಪತ್ರಿಕೆಯಲ್ಲಿ 'ಟಾರ್ಚಿ ಬ್ರೌನ್' ಶುರು ಮಾಡಿದರು. ದಕ್ಷಿಣದ ಹಳ್ಳಿಯ ಹುಡುಗಿಯೊಬ್ಬಳು ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದು ಕುಣಿತ, ಹಾಡಿನಲ್ಲಿ ಹೆಸರು ಮಾಡುವ ಕಥೆ. 1940ರಲ್ಲಿ 'ಬ್ರೆಂಡಾ ಸ್ಟಾರ್' ತಂದ ಡಾಲಿಯಾ ಮೆಸಿಕ್ ತಮ್ಮ ಹೆಸರನ್ನು ಡೇಲ್ ಅಂತ ಬದಲಿಸಿಕೊಂಡರು. ಹೆಣ್ಣಿನ ಹೆಸರು ನೋಡಿದರೆ ಸಂಪಾದಕರು ಪಕ್ಕಕ್ಕಿಡುತ್ತಿದ್ದರು.

ಪಾತ್ರ ಯಾರದ್ದು ಅನ್ನುವ ಜಗಳ ಮಾಡಲೂ ಮೊದಲು ಪುಟದ ಮೇಲೆ ನಿಮ್ಮ ಹೆಸರು ಇರಬೇಕು. ಇವರಿಗೆ ಅದೇ ಕಷ್ಟವಾಗಿತ್ತು.

ಬೆಕ್ಕಿನ ಗೆಳೆಯ:
ಒಳ್ಳೆಯ ಮಾತು ಮೇಡಂ. ಹೆರಿಮನ್‌ಗೂ ಇದು ಅನ್ವಯಿಸುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ 1880ರಲ್ಲಿ ಹುಟ್ಟಿದವನು. 1971ರಲ್ಲಿ ಅವನ ಜನನ ಪತ್ರ ಸಿಕ್ಕಾಗ ಅದರಲ್ಲಿ ಕಪ್ಪು ವರ್ಣದವನು ಅಂತ ಬರೆದಿತ್ತು. ಜೀವಮಾನವಿಡೀ ಬಿಳಿಯನಂತೆ ಬಾಳಿದ. ಫೋಟೋಗಳಲ್ಲಿ ಹೆಚ್ಚಾಗಿ ಟೋಪಿ ಹಾಕಿಯೇ ಇರುತ್ತಾನೆ. ಗಂಡೋ ಹೆಣ್ಣೋ ಅಂತ ಗೊತ್ತಾಗದ ಬೆಕ್ಕು, ಕ್ಷಣಕ್ಷಣಕ್ಕೂ ಬದಲಾಗುವ ಊರು... ಇದು ತಿಳಿದ ಮೇಲೆ ಆ ಪುಟಗಳನ್ನು ಮತ್ತೆ ಓದಿದೆ. ಹಿಂದೆ ನಕ್ಕ ಕಡೆ ಈಗ ನಿಂತು ಯೋಚಿಸುತ್ತೇನೆ.

ಶಿಕಾಗೋ ಕನ್ನಡತಿ:
ನೀವೆಲ್ಲ ಈ ಪುಟಗಳನ್ನು ಬಣ್ಣದಲ್ಲಿ ನೋಡುತ್ತಿದ್ದೀರಲ್ಲ, ಅದಕ್ಕೆ ಕಾರಣನಾದ ಮನುಷ್ಯನ ಬಗ್ಗೆ ಹೇಳಲೇಬೇಕು.

ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನೆಲ್ಲ ಮೈಕ್ರೋಫಿಲ್ಮ್ ಮಾಡಿದವು, ಅಂದರೆ ಪುಟಗಳ ಪುಟ್ಟ ಫೋಟೋಗಳನ್ನು ಫಿಲ್ಮಿನಲ್ಲಿ ತೆಗೆದಿಟ್ಟವು. ಮೈಕ್ರೋಫಿಲ್ಮ್ ಕಪ್ಪು ಬಿಳುಪು. ಆಮೇಲೆ ಮೂಲ ಕಟ್ಟುಗಳನ್ನು ರದ್ದಿಗೆ ಹಾಕತೊಡಗಿದವು. ಸುದ್ದಿ ಉಳಿಯಿತು, ಬಣ್ಣದ ಭಾನುವಾರ ಪುಟಗಳು ಹೋದವು. ಬಿಲ್ ಬ್ಲ್ಯಾಕ್‌ಬಿಯರ್ಡ್ ಅನ್ನುವವರು ಕಾಮಿಕ್ಸ್ ಇತಿಹಾಸ ಬರೆಯಲು ಹೊರಟಾಗ ಇದು ಕಣ್ಣಿಗೆ ಬಿತ್ತು. ಆ ಕಟ್ಟುಗಳನ್ನು ನನಗೇ ಕೊಡಿ ಅಂದರು. ಖಾಸಗಿ ವ್ಯಕ್ತಿಗೆ ಕೊಡುವ ಹಾಗಿಲ್ಲ ಅಂತ ಗ್ರಂಥಾಲಯದವರು. ಅದಕ್ಕೇ 1968ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ತೆರೆದರು, 'ಸ್ಯಾನ್ ಫ್ರಾನ್ಸಿಸ್ಕೋ ಅಕಾಡೆಮಿ ಆಫ್ ಕಾಮಿಕ್ ಆರ್ಟ್'. ಇದ್ದಿದ್ದು ಅವರ ಮನೆಯಲ್ಲೇ. ಊರೂರಿನ ಗ್ರಂಥಾಲಯಗಳಿಂದ ಕಟ್ಟುಗಳನ್ನು ತಂದು ಮನೆ ತುಂಬಿದರು. ಒಂದೊಂದು ಸ್ಟ್ರಿಪ್ ಕತ್ತರಿಸಿ ತಾರೀಖಿನ ಪ್ರಕಾರ ಜೋಡಿಸಿದರು.

ಕೊನೆಗೆ ಆ ಸಂಗ್ರಹ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಸಾಗಿಸಲು ಆರು ದೊಡ್ಡ ಟ್ರಕ್ ಬೇಕಾದವು, ತೂಕ ಸುಮಾರು 75 ಟನ್. ಈಗ ಕೊಲಂಬಸ್‌ನ ಬಿಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯದಲ್ಲಿದೆ. ಒಂದಷ್ಟು ಪುಟಗಳನ್ನು ಅವರ ಜಾಲತಾಣದಲ್ಲೂ ನೋಡಬಹುದು. ಬ್ಲ್ಯಾಕ್‌ಬಿಯರ್ಡ್ 2011ರಲ್ಲಿ ತೀರಿಕೊಂಡರು. ಹಕ್ಕು ಯಾರದ್ದೇ ಇರಲಿ, ಈ ಪುಟಗಳನ್ನು ಕಾಪಾಡುವ ಕೆಲಸವನ್ನು ಒಡೆಯರು ಯಾರೂ ಮಾಡಲಿಲ್ಲ ಅನ್ನೋದನ್ನು ಗಮನಿಸಿ.

ಇಂದ್ರಜಾಲ ಅಭಿಮಾನಿ:
ಅದ್ಭುತ ಮಾಹಿತಿ! ನಾನು ಪುಸ್ತಕದ ಕಡೆಯವನು. ಈ ಸ್ಟ್ರಿಪ್‌ಗಳು ಪುಸ್ತಕ ಆಗಿದ್ದು ಹೇಗೆ ಅಂತ ಯಾರಾದರೂ ಹೇಳಿ. ನಮ್ಮ ಕಡೆ 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ ಮೊದಲ ಸಂಚಿಕೆಯೇ ಫ್ಯಾಂಟಮ್. ಅದೂ ಮೂಲದಲ್ಲಿ ಪತ್ರಿಕೆಯ ಸ್ಟ್ರಿಪ್, ಲೀ ಫಾಕ್ 1936ರಲ್ಲಿ ಶುರು ಮಾಡಿದ್ದು. ಇಂದ್ರಜಾಲದಲ್ಲಿ ಬೆಂಗಾಲ ಅನ್ನುವ ಅವನ ನಾಡು ಡೆಂಕಾಲಿ ಆಯಿತು. ಕನ್ನಡದಲ್ಲೂ ಬರುತ್ತಿತ್ತು, ಹುಡುಗರು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದೆವು. ಆಗ ಅಲ್ಲಿ ದುಡಿಯುತ್ತಿದ್ದ ನಮ್ಮ ಕಾರ್ಕಳದ ಅನಂತ ಪೈ ಅವರೇ ಮುಂದೆ 1967ರಲ್ಲಿ ಅಮರ ಚಿತ್ರ ಕಥೆಗೆ ಕೈ ಹಾಕಿದ್ದು.

ಮೊಳೆಅಚ್ಚು:
ಇದು ನನ್ನ ಅಂಗಳದ ಪ್ರಶ್ನೆ, ಹೇಳುತ್ತೇನೆ.

ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಈಸ್ಟರ್ನ್ ಕಲರ್ ಅನ್ನುವ ಅಚ್ಚು ಕಂಪನಿ. ಹಲವು ಪತ್ರಿಕೆಗಳಿಗೆ ಭಾನುವಾರದ ಕಾಮಿಕ್ಸ್ ಪುಟ ಅಚ್ಚು ಹಾಕಿ ಕೊಡುತ್ತಿತ್ತು. 1933, ಭಾರೀ ಆರ್ಥಿಕ ಕುಸಿತದ ಕಾಲ. ಪ್ರೆಸ್ ಖಾಲಿ ನಿಂತರೆ ನಷ್ಟ. ಅಲ್ಲಿನ ಹ್ಯಾರಿ ವೈಲ್ಡನ್‌ಬರ್ಗ್, ಮ್ಯಾಕ್ಸ್ ಗೇನ್ಸ್ ಒಂದು ದಾರಿ ಹುಡುಕಿದರು. ದೊಡ್ಡ ಪತ್ರಿಕೆ ಹಾಳೆಯನ್ನು ಮಡಚಿದರೆ ಟ್ಯಾಬ್ಲಾಯ್ಡ್. ಅದನ್ನು ಇನ್ನೊಂದು ಸಲ ಮಡಚಿದರೆ ಕೈಯಲ್ಲಿ ಹಿಡಿಯುವ ಪುಸ್ತಕ. ಭಾನುವಾರದ ಪುಟಗಳನ್ನೇ ಚಿಕ್ಕದು ಮಾಡಿ ಅದರಲ್ಲಿ ಕೂರಿಸಿದರೆ ಹೊಸ ಯಂತ್ರ ಬೇಡ, ಹೊಸ ಚಿತ್ರವೂ ಬೇಡ. 'ಫನ್ನೀಸ್ ಆನ್ ಪರೇಡ್' ಅಂತ ಹೆಸರಿಟ್ಟರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಗಿರಾಕಿಗಳಿಗೆ ಉಡುಗೊರೆ ಕೊಡಲು ತೆಗೆದುಕೊಂಡಿತು. ಇವತ್ತಿಗೂ ಅಮೆರಿಕದ ಕಾಮಿಕ್ ಪುಸ್ತಕದ ಅಳತೆ ಹೆಚ್ಚುಕಡಿಮೆ ಅದೇ ಮಡಿಕೆಯದ್ದು. ಕಾಮಿಕ್ ಪುಸ್ತಕದ ಆಕಾರ ಹುಟ್ಟಿದ್ದು ಪ್ರೆಸ್ ಮನೆಯಲ್ಲಿ, ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಆಮೇಲೆ ಗೇನ್ಸ್ ಒಂದಷ್ಟು ಪ್ರತಿಗಳಿಗೆ ಹತ್ತು ಸೆಂಟ್ ಅಂತ ಚೀಟಿ ಅಂಟಿಸಿ ಪೇಪರ್ ಅಂಗಡಿಗಳಲ್ಲಿಟ್ಟ, ವಾರಾಂತ್ಯ ಕಳೆಯುವಷ್ಟರಲ್ಲಿ ಖಾಲಿ ಆದವು ಅಂತ ಹೇಳುತ್ತಾರೆ. 1934ರಲ್ಲಿ 'ಫೇಮಸ್ ಫನ್ನೀಸ್' ಹತ್ತು ಸೆಂಟಿಗೆ ನಿಯಮಿತವಾಗಿ ಬರತೊಡಗಿತು.

ಹಳೇಪೇಪರ್:
ಆ ಹತ್ತು ಸೆಂಟಿನಿಂದಲೇ ಈ ಚರ್ಚೆಯ ದೊಡ್ಡ ನೋವಿನ ಕಥೆ ಶುರುವಾಗುತ್ತದೆ.

ಮರುಮುದ್ರಣಕ್ಕೆ ಸಿಂಡಿಕೇಟ್‌ಗಳಿಗೆ, ಅಂದರೆ ಒಂದೇ ಸ್ಟ್ರಿಪ್ಪನ್ನು ಹಲವು ಪತ್ರಿಕೆಗಳಿಗೆ ಮಾರುವ ಕಂಪನಿಗಳಿಗೆ, ದುಡ್ಡು ಕೊಡಬೇಕು. ಮೇಜರ್ ಮಾಲ್ಕಮ್ ವೀಲರ್ ನಿಕಲ್ಸನ್ ಅನ್ನುವವನ ಬಳಿ ಅಷ್ಟು ದುಡ್ಡಿಲ್ಲ. 1935ರಲ್ಲಿ ಹೊಸ ಹುಡುಗರಿಂದ ಹೊಸ ಕಥೆಗಳನ್ನೇ ಬಿಡಿಸಿ 'ನ್ಯೂ ಫನ್' ತಂದ. ಅವನಿಗೆ ಕೆಲಸ ಮಾಡಿದವರಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. ಅವರ ಬಳಿ ಒಂದು ಪಾತ್ರ ಇತ್ತು. ಪತ್ರಿಕೆ ಸ್ಟ್ರಿಪ್ ಮಾಡಿ ಎಲ್ಲ ಸಿಂಡಿಕೇಟ್‌ಗಳ ಬಾಗಿಲು ತಟ್ಟಿದ್ದರು, ಯಾರೂ ಬೇಡ ಅಂದಿದ್ದರು. 1938ರಲ್ಲಿ ಹೊಸ ಪುಸ್ತಕಕ್ಕೆ ಸರಕು ಬೇಕು ಅಂದಾಗ ಆ ಸ್ಟ್ರಿಪ್‌ಗಳನ್ನೇ ಕತ್ತರಿಸಿ ಪುಟದ ಅಳತೆಗೆ ಅಂಟಿಸಿ ಕೊಟ್ಟರು. 13 ಪುಟ, ಪುಟಕ್ಕೆ ಹತ್ತು ಡಾಲರ್. 130 ಡಾಲರಿನ ಚೆಕ್, ಜೊತೆಗೆ ಎಲ್ಲ ಹಕ್ಕೂ ಕಂಪನಿಯದ್ದು ಅನ್ನುವ ಕಾಗದಕ್ಕೆ ಸಹಿ.

ಅದು ಸೂಪರ್‌ಮ್ಯಾನ್. 1938ರ ಜೂನ್ ತಾರೀಖಿನ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ. ಮರುವರ್ಷ ಜನವರಿಯಲ್ಲಿ ಪತ್ರಿಕೆಗಳಲ್ಲೂ ಸ್ಟ್ರಿಪ್ ಆಗಿ ಬಂತು, ಬೇಡ ಅಂದವರ ಲೋಕಕ್ಕೇ. 1947ರಲ್ಲಿ ಇಬ್ಬರೂ ಕೋರ್ಟಿಗೆ ಹೋದರು. ಹಕ್ಕು ಮರಳಿ ಸಿಗಲಿಲ್ಲ, ಒಂದು ಮೊತ್ತ ತೆಗೆದುಕೊಂಡು ಹಿಂದೆ ಸರಿಯಬೇಕಾಯಿತು, ಹೆಸರೂ ಪುಸ್ತಕದಿಂದ ಹೋಯಿತು. 1975ರಲ್ಲಿ ಸಿನಿಮಾ ತಯಾರಾಗುತ್ತಿದ್ದಾಗ ಸೀಗಲ್ ಪತ್ರಿಕೆಗಳಿಗೆ ತಮ್ಮ ಅಳಲು ಬರೆದು ಕಳಿಸಿದರು. ಶುಸ್ಟರ್‌ಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮುಂತಾದ ಚಿತ್ರಕಾರರು ಬೆನ್ನಿಗೆ ನಿಂತರು. ಕೊನೆಗೆ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಒಪ್ಪಿತು, ಹೆಸರನ್ನೂ ಮರಳಿ ಹಾಕಿತು. ಮೊಳೆಅಚ್ಚು ಸರ್, ಬಂಡವಾಳಕ್ಕೆ ಪಾಲು ಸಿಗಬೇಕು, ಒಪ್ಪುತ್ತೇನೆ. ಆದರೆ ಇಷ್ಟು?

ಮೊಳೆಅಚ್ಚು:
ಇಷ್ಟು ಅಲ್ಲ. ಹೆಸರು ತೆಗೆದಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಕಾನೂನು ಕಣ್ಣು:
ಒಂದು ವಿಷಯ ಸೇರಿಸುತ್ತೇನೆ. 1976ರ ಕಾಯಿದೆಯಲ್ಲಿ, ಹಿಂದೆ ಮಾರಿದ ಹಕ್ಕನ್ನು ಇಂತಿಷ್ಟು ವರ್ಷಗಳ ನಂತರ ಕರ್ತೃ ಅಥವಾ ವಾರಸುದಾರರು ಮರಳಿ ಕೇಳಬಹುದು ಅನ್ನುವ ಅವಕಾಶ ಬಂತು. ಸೀಗಲ್ ಕುಟುಂಬ ಅದನ್ನು ಹಿಡಿದು ವರ್ಷಗಟ್ಟಲೆ ಹೋರಾಡಿತು. ಸಂಬಳಕ್ಕೆ ಮಾಡಿದ ಕೆಲಸಕ್ಕೆ ಮಾತ್ರ ಈ ಅವಕಾಶ ಇಲ್ಲ. ಈಗ ಕಾಲವೇ ಹಕ್ಕು ಬಿಡಿಸುತ್ತಿದೆ. ಅಮೆರಿಕದಲ್ಲಿ ಆ ಕಾಲದ ಕೃತಿ, ಪ್ರಕಟವಾಗಿ 95 ವರ್ಷ ತುಂಬಿದ ಮೇಲೆ ಎಲ್ಲರದ್ದು. 1929ರಲ್ಲಿ ಬಂದ ಪಾಪಾಯ್‌ನ ಮೊದಲ ಸ್ಟ್ರಿಪ್‌ಗಳು 2025ರ ಜನವರಿ 1ಕ್ಕೆ ಬಿಡುಗಡೆ ಆದವು. ಮೊದಲ ಸೂಪರ್‌ಮ್ಯಾನ್ 2034ಕ್ಕೆ.

ಕರಾವಳಿ ಓದುಗಿ:
ಬಡ್ ಫಿಶರ್ ಬಿಟ್ಟರೆ ಬೇರೆ ಯಾರೂ ಒಪ್ಪಂದದಲ್ಲೇ ಹಕ್ಕು ಉಳಿಸಿಕೊಳ್ಳಲಿಲ್ಲವೇ?

ಹಳೇಪೇಪರ್:
ಉಳಿಸಿಕೊಂಡರು ಮೇಡಂ. ವಿಲ್ ಐಸ್ನರ್. 1940ರ ಹೊತ್ತಿಗೆ ಪತ್ರಿಕೆಗಳಿಗೆ ಕಾಮಿಕ್ ಪುಸ್ತಕಗಳ ಭಯ ಹತ್ತಿತ್ತು. ಮಕ್ಕಳೆಲ್ಲ ಅತ್ತ ಓಡುತ್ತಿದ್ದಾರೆ ಅಂತ. ಹಾಗಾದರೆ ಭಾನುವಾರದ ಪತ್ರಿಕೆಯೊಳಗೇ ಒಂದು ಕಾಮಿಕ್ ಪುಸ್ತಕ ಇಟ್ಟು ಕೊಟ್ಟರೆ? ಆ ಕೆಲಸ ಐಸ್ನರ್‌ಗೆ ಬಂತು. 16 ಪುಟ, 1940ರ ಜೂನ್ 2ರಿಂದ, 'ದಿ ಸ್ಪಿರಿಟ್'. ಹಕ್ಕು ಕೊನೆಗೆ ತನಗೇ ಮರಳಬೇಕು ಅಂತ ಐಸ್ನರ್ ಮೊದಲೇ ಒಪ್ಪಂದದಲ್ಲಿ ಬರೆಸಿಕೊಂಡ. ಆಗ ಅವನಿಗೆ 23 ವರ್ಷ. ಸ್ಪಿರಿಟ್ 1952ರವರೆಗೆ ನಡೆಯಿತು, ಪಾತ್ರ ಅವನದ್ದಾಗಿಯೇ ಉಳಿಯಿತು. ಚಿತ್ರಕಾರ ಕೇಳಿದರೆ ಪತ್ರಿಕೆಗಳು ಒಪ್ಪುತ್ತಿದ್ದವು ಅನ್ನೋದಕ್ಕೆ ಇದೇ ಸಾಕ್ಷಿ.

ಮೊಳೆಅಚ್ಚು:
ಐಸ್ನರ್ ದೊಡ್ಡವನೇ, ಆದರೆ ಅವನ ಮನೆಯೊಳಗೂ ನೋಡಬೇಕು. 1942ರಲ್ಲಿ ಅವನು ಸೈನ್ಯಕ್ಕೆ ಹೋದ. ಯುದ್ಧ ಮುಗಿಯುವವರೆಗೆ ಸ್ಪಿರಿಟ್ ಬರೆದವರು, ಬಿಡಿಸಿದವರು ಬೇರೆ ಕಲಾವಿದರು. ಪುಟದ ಮೇಲೆ ಐಸ್ನರ್ ಹೆಸರೇ ಇತ್ತು. ಬ್ಯಾಟ್‌ಮ್ಯಾನ್‌ನಲ್ಲೂ ಅಷ್ಟೇ. 1939ರಲ್ಲಿ ಬಾಬ್ ಕೇನ್ ತನ್ನ ಹೆಸರು ಮಾತ್ರ ಇರುವಂತೆ ಒಪ್ಪಂದ ಮಾಡಿಕೊಂಡ. ಕಥೆ ಬರೆದ, ಆ ವೇಷಕ್ಕೇ ಒಂದು ರೂಪ ಕೊಟ್ಟ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡ. ಅವನ ಹೆಸರನ್ನು ಅಧಿಕೃತವಾಗಿ ಸೇರಿಸಿದ್ದು 2015ರಲ್ಲಿ. ಇಲ್ಲಿ ಕಿತ್ತುಕೊಂಡವನು ಮಾಲೀಕ ಅಲ್ಲ, ಜೊತೆಗಾರ.

ಹಳೇಪೇಪರ್:
ನಿಜ ಸರ್. ಸಿಂಡಿಕೇಟ್‌ಗಳ ಕಾಲದಲ್ಲೂ ದೊಡ್ಡ ಸ್ಟ್ರಿಪ್‌ಗಳಿಗೆ ಗೆರೆ ತಿದ್ದುವವರು, ಅಕ್ಷರ ಬರೆಯುವವರು, ಹಿನ್ನೆಲೆ ತುಂಬುವವರು ಇದ್ದರು. ಅವರಲ್ಲಿ ಯಾರ ಬಗ್ಗೆಯಾದರೂ ನೀವು ಓದಿದ್ದರೆ ಇಲ್ಲಿ ಬರೆಯಿರಿ. ಮುಂದಿನ ಮಾತು ಅವರ ಬಗ್ಗೆಯೇ ಆಗಲಿ.